ಜಾಹೀರಾತಿಗೂ ಮೊದಲು ಉತ್ತರ: ವ್ಯವಹಾರಕ್ಕೆ ಸೋಷಿಯಲ್ ಮೀಡಿಯಾ ಬಳಸುವ ಸಮಗ್ರ ಮಾರ್ಗದರ್ಶಿ

ಸೋಷಿಯಲ್ ಮೀಡಿಯಾದಲ್ಲಿ ವ್ಯವಹಾರ ಬೆಳೆಸಲು ಹೊರಟವರು ಸಾಮಾನ್ಯವಾಗಿ ಮೊದಲು ಪೋಸ್ಟರ್ ಡಿಸೈನಿಗೆ ಕೈಹಾಕುತ್ತಾರೆ, ಆಮೇಲೆ ಹಣ ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವ ಬೂಸ್ಟ್ ಬಟನ್ ಒತ್ತುತ್ತಾರೆ. ಈ ಕ್ರಮವೇ ತಿರುವುಮುರುವು. ಜಾಹೀರಾತು ನೋಡಿದ ಬಹಳಷ್ಟು ಜನ ತಕ್ಷಣ ಕೊಳ್ಳುವುದಿಲ್ಲ. ಸಂಸ್ಥೆಯ ಹೆಸರು ಹುಡುಕುತ್ತಾರೆ, ರಿವ್ಯೂ ಓದುತ್ತಾರೆ, ಬೇರೆಯವರು ಕಮೆಂಟಿನಲ್ಲಿ ಕೇಳಿದ್ದಕ್ಕೆ ಉತ್ತರ ಸಿಕ್ಕಿದೆಯೇ ಎಂದು ನೋಡುತ್ತಾರೆ. ಆರು ತಿಂಗಳ ಹಿಂದಿನ ದೂರೊಂದು ಉತ್ತರ ಕಾಣದೆ ಬಿದ್ದಿದ್ದರೆ, ಹಣ ಕೊಟ್ಟು ಕರೆತಂದವರು ಅಲ್ಲಿಂದಲೇ ವಾಪಸು ಹೋಗುತ್ತಾರೆ. ಹಾಗಾಗಿ ಇಲ್ಲಿ ಮೊದಲು ಖಾತೆಗಳ ಭದ್ರತೆ, ಆಮೇಲೆ ಜನರ ಮಾತು ಕೇಳಿಸಿಕೊಂಡು ಉತ್ತರಿಸುವ ವ್ಯವಸ್ಥೆ, ಅದಾದ ಮೇಲೆ ಪೋಸ್ಟು, ನಂತರವೇ ದುಡ್ಡು ಕೊಟ್ಟ ಜಾಹೀರಾತು.

1. ಖಾತೆಗಳು ಯಾರ ಕೈಯಲ್ಲಿವೆ?

ಬ್ರೌಸರಿನಲ್ಲಿ ಇನ್‌ಕಾಗ್ನಿಟೊ ವಿಂಡೋ ತೆರೆದು ನಿಮ್ಮ ಸಂಸ್ಥೆಯ ಹೆಸರು ಹುಡುಕಿ. ಲಾಗಿನ್ ಆಗಿಯೇ ಹುಡುಕಿದರೆ ನಿಮ್ಮ ಹಳೆಯ ಹುಡುಕಾಟಗಳ ನೆರಳು ಫಲಿತಾಂಶದ ಮೇಲೆ ಬೀಳುತ್ತದೆ. ಹೊಸ ಗ್ರಾಹಕರಿಗೆ ಕಾಣುವುದು ಬೇರೆಯೇ ಇರಬಹುದು. ಯಾರೋ ತೆರೆದು ಬಿಟ್ಟುಹೋದ ಫೇಸ್‌ಬುಕ್ ಪೇಜ್, ನೀವು ಸೇರಿಸದಿದ್ದರೂ ಗೂಗಲ್ ಮ್ಯಾಪ್ಸಿನಲ್ಲಿ ಕಾಣುವ ಲಿಸ್ಟಿಂಗ್, ಹಳೇ ಫೋನ್ ನಂಬರ್ ಇರುವ ಡೈರೆಕ್ಟರಿ ಪುಟ, ಸಿಕ್ಕಿದ್ದನ್ನೆಲ್ಲ ಒಂದು ಶೀಟಿನಲ್ಲಿ ಬರೆದುಕೊಳ್ಳಿ. ಪ್ರತಿ ಖಾತೆಯ ಮುಂದೆ ಯಾವ ಇಮೇಲ್, ಯಾವ ಫೋನ್ ನಂಬರ್, ಅಡ್ಮಿನ್ ಯಾರು ಎಂಬ ಮೂರು ವಿವರ ಇರಲಿ.

ಈ ಶೀಟು ತುಂಬುವಾಗಲೇ ಅರ್ಧ ಸಮಸ್ಯೆಗಳು ಬಯಲಾಗುತ್ತವೆ. ಕೆಲಸ ಬಿಟ್ಟುಹೋದವರ ಖಾಸಗಿ ಇಮೇಲಿನಲ್ಲಿ ಪೇಜ್ ಇರುವುದು, ಜಾಹೀರಾತು ಖಾತೆ ಏಜೆನ್ಸಿಯ ಹೆಸರಿನಲ್ಲಿ ಇರುವುದು ಬಹಳ ಮಾಮೂಲು. ಎರಡನೆಯದು ಹೆಚ್ಚು ನಷ್ಟದ ವಿಷಯ. ಏಜೆನ್ಸಿ ಬದಲಿಸಿದ ದಿನ ಪಿಕ್ಸೆಲ್ (ವೆಬ್‌ಸೈಟಿಗೆ ಬಂದವರು ಏನು ಮಾಡಿದರೆಂದು ದಾಖಲಿಸುವ ಕೋಡು) ಕೂಡಿಹಾಕಿದ ಮಾಹಿತಿ, ಹಳೆಯ ಜಾಹೀರಾತುಗಳ ಫಲಿತಾಂಶ ಎಲ್ಲವೂ ಅವರ ಬಳಿಯೇ ಉಳಿದುಬಿಡುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಮಾಲೀಕ ಸಂಸ್ಥೆಯಾದ ಮೆಟಾದ ಬಿಸಿನೆಸ್ ಪೋರ್ಟ್‌ಫೋಲಿಯೊವನ್ನು (ಎಲ್ಲ ಖಾತೆಗಳನ್ನೂ ಒಂದೆಡೆ ಇಡುವ ವ್ಯವಸ್ಥೆ) ನಿಮ್ಮ ಹೆಸರಿನಲ್ಲಿ ತೆರೆದು, ಪೇಜ್, ಇನ್‌ಸ್ಟಾಗ್ರಾಂ, ಜಾಹೀರಾತು ಖಾತೆ, ಪಿಕ್ಸೆಲ್ ಎಲ್ಲವನ್ನೂ ಅದರೊಳಗೆ ಇಟ್ಟು, ಏಜೆನ್ಸಿಗೆ ಪಾರ್ಟ್ನರ್ ಆಕ್ಸೆಸ್ ಮಾತ್ರ ಕೊಡಿ.

ಪೂರ್ತಿ ಅಧಿಕಾರದ ಅಡ್ಮಿನ್‌ಗಳು ಕನಿಷ್ಠ ಇಬ್ಬರಿರಲಿ. ಒಬ್ಬರೇ ಇದ್ದು ಅವರ ವೈಯಕ್ತಿಕ ಪ್ರೊಫೈಲ್ ಬ್ಲಾಕ್ ಆದರೆ ಪೇಜೂ ಕೈತಪ್ಪುತ್ತದೆ. ಪೋಸ್ಟ್ ಹಾಕುವವರಿಗೆ, ಮೆಸೇಜ್ ನೋಡುವವರಿಗೆ ಅವರವರ ಕೆಲಸದಷ್ಟೇ ಅಧಿಕಾರ ಸಾಕು. ಪಾಸ್‌ವರ್ಡಿನ ಜೊತೆ ಇನ್ನೊಂದು ಕೋಡು ಕೇಳುವ ಟೂ-ಫ್ಯಾಕ್ಟರ್ ಭದ್ರತೆಯನ್ನು ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪಿನಲ್ಲಿ ಇಡಿ. ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಭದ್ರಪಡಿಸಿ. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ ಮನವಿ ಸಲ್ಲಿಸಿ" ಎಂದು ಇನ್‌ಬಾಕ್ಸಿಗೆ ಬರುವ ಮೆಸೇಜು ಪಾಸ್‌ವರ್ಡ್ ಕದಿಯುವವರದು. ಮೆಸೇಜ್ ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದನ್ನು ಮೊದಲ ದಿನವೇ ಹೇಳಿಕೊಡಿ.

ಇನ್ನೊಂದು ಎಚ್ಚರ. ಒಂದೇ ಆ್ಯಪಿನಲ್ಲಿ ವೈಯಕ್ತಿಕ ಖಾತೆಯನ್ನೂ ಸಂಸ್ಥೆಯ ಖಾತೆಯನ್ನೂ ಇಟ್ಟುಕೊಳ್ಳಬೇಡಿ. 2011ರ ಫೆಬ್ರವರಿಯಲ್ಲಿ ಅಮೆರಿಕನ್ ರೆಡ್ ಕ್ರಾಸ್‌ನ ಟ್ವಿಟರ್ ಖಾತೆಯಿಂದ ಕುಡಿತದ ಬಗ್ಗೆ ಒಂದು ಟ್ವೀಟ್ ಹೊರಬಿತ್ತು. ಸಿಬ್ಬಂದಿಯೊಬ್ಬರು ತಮ್ಮ ಖಾತೆ ಎಂದುಕೊಂಡು ಹಾಕಿದ್ದು ಅದು. ಸಂಸ್ಥೆ ಟ್ವೀಟನ್ನು ಅಳಿಸಿ, ಅಳಿಸಿದ್ದನ್ನು ಮುಚ್ಚಿಡದೆ ಹಗುರವಾದ ಮಾತಿನಲ್ಲಿ ಒಪ್ಪಿಕೊಂಡಿದ್ದರಿಂದ ವಿಷಯ ಅಲ್ಲಿಗೇ ತಣ್ಣಗಾಯಿತು. ಎಲ್ಲ ಸಲ ಹಾಗಾಗುವುದಿಲ್ಲ.

2. ಪ್ರೊಫೈಲ್ ತುಂಬುವುದು

ಇದು ಅರ್ಧ ದಿನದ ಕೆಲಸ. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಅಕ್ಷರಶಃ ಒಂದೇ ಇರಲಿ. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಬೋರ್ಡಿನ ಮೇಲಿರುವ ಹೆಸರನ್ನಷ್ಟೇ ಬರೆಯಿರಿ. ಹುಡುಕಾಟದಲ್ಲಿ ಮೇಲೆ ಬರಲೆಂದು ಹೆಸರಿನ ಜೊತೆ "ಅತ್ಯುತ್ತಮ", "ನಂಬರ್ ಒನ್" ಎಂದೆಲ್ಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ಮುಖ್ಯ ಕೆಟಗರಿಯನ್ನು ಯೋಚಿಸಿ ಆರಿಸಿ. ಯಾವ ಹುಡುಕಾಟಕ್ಕೆ ನೀವು ಕಾಣಬೇಕು ಎಂಬುದರಲ್ಲಿ ಅದರ ಪಾತ್ರ ದೊಡ್ಡದು. ವಿವರಣೆಗೆ 750 ಅಕ್ಷರ, ಇನ್‌ಸ್ಟಾಗ್ರಾಂ ಬಯೋಗೆ 150 ಅಕ್ಷರ ಮಿತಿ. ರಜಾದಿನದ ಸಮಯವನ್ನು ಮುಂಚೆಯೇ ನಮೂದಿಸಿ. ಬಾಗಿಲು ಮುಚ್ಚಿದ್ದ ದಿನ "ತೆರೆದಿದೆ" ಎಂದು ತೋರಿಸಿದ್ದಕ್ಕೇ ಎಷ್ಟೋ ಒಂದು ಸ್ಟಾರ್ ರಿವ್ಯೂಗಳು ಬರುತ್ತವೆ.

ವೇದಿಕೆಗಳನ್ನು ಆರಿಸುವಾಗ ಎರಡಕ್ಕಿಂತ ಹೆಚ್ಚು ಬೇಡ, ದಿನವೂ ಉತ್ತರಿಸಲು ಜನ ಇದ್ದರೆ ಮಾತ್ರ ಮೂರನೆಯದು. ಕಣ್ಣಿಗೆ ಕಂಡು ಮನಸ್ಸಿಗೆ ಹಿಡಿಸುವ ವಸ್ತುವಾದರೆ ಇನ್‌ಸ್ಟಾಗ್ರಾಂ. ಸಂಸ್ಥೆಗಳಿಗೆ ಮಾರುವುದಾದರೆ ಲಿಂಕ್ಡ್‌ಇನ್. "ಹೇಗೆ ಬಳಸುವುದು" ಎಂದು ಜನ ಹುಡುಕುವ ವಸ್ತುವಾದರೆ ಯೂಟ್ಯೂಬ್. ಯೂಟ್ಯೂಬಿನಲ್ಲಿ ಒಳ್ಳೆಯ ವಿಡಿಯೊ ಹುಡುಕಾಟದಿಂದಲೇ ವರ್ಷಗಟ್ಟಲೆ ಜನರನ್ನು ತರುತ್ತದೆ, ಬೇರೆ ಕಡೆಯ ಪೋಸ್ಟುಗಳಿಗೆ ಅಷ್ಟು ಆಯಸ್ಸಿಲ್ಲ. ವಾಟ್ಸಾಪ್ ಬಿಸಿನೆಸ್ ಆ್ಯಪಿನ ಕ್ಯಾಟಲಾಗ್, ಲೇಬಲ್, ಕ್ವಿಕ್ ರಿಪ್ಲೈ, ಅವೇ ಮೆಸೇಜ್ ನಾಲ್ಕನ್ನೂ ಬಳಸಿ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ತಲುಪುತ್ತದೆ. ಆದ್ದರಿಂದ ಮೊದಲ ಸಂಭಾಷಣೆಯಲ್ಲೇ ನಂಬರ್ ಸೇವ್ ಮಾಡಿಕೊಳ್ಳಲು ಕೇಳುವುದು ಒಳ್ಳೆಯದು.

3. ಕೇಳಿಸಿಕೊಳ್ಳುವ ವ್ಯವಸ್ಥೆ

ಜನ ನಿಮ್ಮನ್ನು ಟ್ಯಾಗ್ ಮಾಡಿಯೇ ಮಾತಾಡುತ್ತಾರೆ ಎಂಬ ಭರವಸೆ ಬೇಡ. ಸಿಟ್ಟಾದವರು ಹೆಸರನ್ನು ತಪ್ಪು ಕಾಗುಣಿತದಲ್ಲಿ ಬರೆದು ಸುಮ್ಮನಾಗುತ್ತಾರೆ. ಹುಡುಕುವ ಪದಗಳ ಪಟ್ಟಿ ಹೀಗಿರಲಿ: ಸಂಸ್ಥೆಯ ಹೆಸರು ನಿಮ್ಮ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ, ಜನ ಮಾಡುವ ಎರಡು ಮೂರು ಕಾಗುಣಿತದ ತಪ್ಪುಗಳು, ಮುಖ್ಯ ಉತ್ಪನ್ನಗಳ ಹೆಸರು, ಹೆಸರಿನ ಜೊತೆ "ಮೋಸ", "ದೂರು", "ರೀಫಂಡ್". ಗೂಗಲ್ ಅಲರ್ಟ್ಸ್‌ನಲ್ಲಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲದಿದ್ದರೆ ಸಂಬಂಧವಿಲ್ಲದ್ದೆಲ್ಲ ಬಂದು ಬೀಳುತ್ತದೆ. ಅಲರ್ಟ್ಸ್ ವೆಬ್ ಪುಟಗಳನ್ನು ಹಿಡಿಯುತ್ತದೆಯೇ ಹೊರತು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಕಮೆಂಟುಗಳನ್ನಲ್ಲ. ಅವನ್ನು ದಿನಕ್ಕೆರಡು ಸಲ ಕೈಯಾರೆ ಹುಡುಕಬೇಕು.

ಸಿಕ್ಕಿದ್ದನ್ನು ದಾಖಲಿಸಲು ಆರು ಕಾಲಂ ಸಾಕು: ದಿನಾಂಕ, ಎಲ್ಲಿ, ಏನು ಹೇಳಿದರು, ಯಾರಿಗೆ ವಹಿಸಿದೆ, ಯಾವಾಗ ಮುಗಿಯಿತು, ಮೂಲ ಕಾರಣ. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಖಾಲಿ ಬಿಡುವುದೂ ಅದನ್ನೇ. ಒಂದು ತಿಂಗಳಲ್ಲಿ "ಹೇಳಿದ ದಿನಕ್ಕೆ ತಲುಪಲಿಲ್ಲ" ಎಂಬ ಕಾರಣ ಪದೇಪದೇ ಬಂದರೆ, ಅದನ್ನು ಸರಿಪಡಿಸುವುದು ಸೋಷಿಯಲ್ ಮೀಡಿಯಾ ತಂಡದ ಕೈಯಲ್ಲಿಲ್ಲ. ಡೆಲಿವರಿ ನೋಡಿಕೊಳ್ಳುವವರ ಮೇಜಿಗೆ ಆ ಶೀಟು ಹೋಗಬೇಕು. ಎಷ್ಟು ಚೆಂದದ ಉತ್ತರ ಬರೆದರೂ ಅದೇ ತಪ್ಪು ಮತ್ತೆ ಮತ್ತೆ ಆಗುತ್ತಿದ್ದರೆ ಜನ ನಂಬುವುದಿಲ್ಲ, ನಂಬಲೂಬಾರದು.

4. ಉತ್ತರ ಬರೆಯುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಬಂದದ್ದನ್ನು ಮೊದಲು ನಾಲ್ಕಾಗಿ ವಿಂಗಡಿಸಿ: ಪ್ರಶ್ನೆ, ದೂರು, ಬೈಗುಳ, ಸುಳ್ಳು ರಿವ್ಯೂ. ಕೆಲಸದ ಸಮಯದಲ್ಲಿ ಪ್ರಶ್ನೆಗೆ ಒಂದು ಗಂಟೆಯೊಳಗೆ, ದೂರಿಗೆ ಎರಡು ಗಂಟೆಯೊಳಗೆ ಮೊದಲ ಉತ್ತರ ಹೋಗುವಂತೆ ಗುರಿ ಇಟ್ಟುಕೊಳ್ಳಿ. ದೂರಿಗೆ ಸಮಯ ಹೆಚ್ಚು ಏಕೆಂದರೆ ದಾಖಲೆ ತೆಗೆದು ನೋಡದೆ ಒಂದಕ್ಷರವೂ ಬರೆಯಬಾರದು.

ಫೇಸ್‌ಬುಕ್ ಪೇಜಿಗೆ ಇಂಥದೊಂದು ಕಮೆಂಟ್ ಬಂದಿದೆ ಎಂದುಕೊಳ್ಳಿ: "ವಾಷಿಂಗ್ ಮಷೀನ್ ರಿಪೇರಿಗೆ ಕೊಟ್ಟು 12 ದಿನ ಆಯ್ತು. ಫೋನ್ ಮಾಡಿದ್ರೆ ನಾಳೆ ನಾಳೆ ಅಂತಾರೆ. ದಯವಿಟ್ಟು ಯಾರೂ ಇಲ್ಲಿಗೆ ಹೋಗ್ಬೇಡಿ."

ಸಾಮಾನ್ಯವಾಗಿ ಹೋಗುವ ಉತ್ತರ: "ಆತ್ಮೀಯ ಗ್ರಾಹಕರೇ, ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ. ದಯವಿಟ್ಟು ನಮ್ಮನ್ನು ಸಂಪರ್ಕಿಸಿ." ಇದು ಯಾವ ದೂರಿಗಾದರೂ ಹೊಂದುತ್ತದೆ, ಆದ್ದರಿಂದಲೇ ಯಾರಿಗೂ ತಾಕುವುದಿಲ್ಲ. ಫೋನ್ ಮಾಡಿ ಮಾಡಿ ಸೋತವರಿಗೆ ಮತ್ತೆ "ಸಂಪರ್ಕಿಸಿ" ಎನ್ನುವುದು ಗಾಯಕ್ಕೆ ಉಪ್ಪು.

ರಿಪೇರಿಯ ವಿವರ ಬರೆದ ಜಾಬ್ ಕಾರ್ಡ್ ನೋಡಿ, ದೂರು ನಿಜವೆಂದು ತಿಳಿದ ಮೇಲೆ ಬರೆಯಬೇಕಾದ್ದು ಹೀಗೆ: "ನಮಸ್ಕಾರ. 12 ದಿನ ಕಾಯಿಸಿದ್ದು, ಕೇಳಿದಾಗಲೆಲ್ಲ 'ನಾಳೆ' ಎಂದಿದ್ದು, ಎರಡೂ ನಮ್ಮ ತಪ್ಪು. ಕ್ಷಮಿಸಿ. ಬಿಡಿಭಾಗ ಬರುವುದು ತಡವಾಗಿದೆ ಎಂದು ಆ ದಿನವೇ ನಿಮಗೆ ತಿಳಿಸಬೇಕಿತ್ತು. ಸರ್ವಿಸ್ ಮುಖ್ಯಸ್ಥರು ಇವತ್ತು ಸಂಜೆ 5 ಗಂಟೆಯೊಳಗೆ ರಸೀದಿಯಲ್ಲಿರುವ ನಂಬರಿಗೆ ಕರೆ ಮಾಡಿ ಖಚಿತ ದಿನಾಂಕ ಹೇಳುತ್ತಾರೆ. ಕರೆ ಬರದಿದ್ದರೆ ಈ ಪೇಜಿಗೆ ಒಂದು ಮೆಸೇಜ್ ಹಾಕಿ."

ಅವರು ಹೇಳಿದ್ದೇ ಮೊದಲ ಸಾಲಿನಲ್ಲಿ ಮರಳಿ ಬಂದಿದೆ, ಓದಿದ್ದಾರೆ ಎಂದು ಗೊತ್ತಾಗುತ್ತದೆ. ಕಾರಣ ಒಂದೇ ವಾಕ್ಯದಲ್ಲಿ ಮುಗಿದಿದೆ, ಸಮಜಾಯಿಷಿಯಾಗಿ ಬೆಳೆದಿಲ್ಲ. ಮುಂದಿನ ಹೆಜ್ಜೆಗೆ ಗಂಟೆ ನಿಗದಿಯಾಗಿದೆ, ಕರೆ ಮಾಡುವ ಹೊಣೆ ಸಂಸ್ಥೆಯದು. ಕೆಲಸ ಮುಗಿದ ಮೇಲೆ ಅದೇ ಕಮೆಂಟಿಗೆ ಮರಳಿ "ಮಷೀನ್ ತಲುಪಿಸಿದ್ದೇವೆ, ಕಾದಿದ್ದಕ್ಕೆ ಧನ್ಯವಾದ" ಎಂದು ಬರೆಯಿರಿ. ಈ ಕೊನೆಯ ಹೆಜ್ಜೆಯನ್ನು ಬಹುತೇಕರು ಮರೆಯುತ್ತಾರೆ. ಮುಂದೆ ಬಂದು ಓದುವ ಅಪರಿಚಿತರಿಗೆ ದೂರು ಬಗೆಹರಿಯಿತೋ ಇಲ್ಲವೋ ಎಂಬುದು ತಿಳಿಯುವುದು ಅಲ್ಲಿ ಮಾತ್ರ.

ಫೋನ್ ನಂಬರ್, ವಿಳಾಸ, ರಸೀದಿ ಸಂಖ್ಯೆಯನ್ನು ಬಹಿರಂಗ ಕಮೆಂಟಿನಲ್ಲಿ ಕೇಳಲೂಬಾರದು, ಹಾಕಲೂಬಾರದು. ದೂರು ಬರೆದವರನ್ನೇ ಹುಡುಕುತ್ತ ಕೂತ ವಂಚಕರಿದ್ದಾರೆ. ಸಂಸ್ಥೆಯ ಹೆಸರು, ಲೋಗೊ ಹಾಕಿದ ನಕಲಿ ಕಸ್ಟಮರ್ ಕೇರ್ ಖಾತೆಯಿಂದ ಉತ್ತರ ಕೊಟ್ಟು ಒಟಿಪಿ ಕೇಳುತ್ತಾರೆ. "ನಾವು ಒಟಿಪಿ ಕೇಳುವುದಿಲ್ಲ, ನಮ್ಮ ಅಧಿಕೃತ ಖಾತೆ ಇದೊಂದೇ" ಎಂಬ ಸಾಲನ್ನು ಪಿನ್ ಮಾಡಿಡಿ. ನಕಲಿ ಖಾತೆ ಕಂಡ ಕೂಡಲೇ ರಿಪೋರ್ಟ್ ಮಾಡಿ. ಚಿಕಿತ್ಸೆ, ಕಾನೂನು, ಹಣಕಾಸಿನ ಸೇವೆ ಕೊಡುವವರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು: "ನೀವು ಹೋದ ವಾರ ಬಂದಾಗ" ಎಂದು ಬರೆದರೂ ಗೌಪ್ಯತೆ ಮುರಿದಂತಾಗುತ್ತದೆ.

ಟೀಕೆಯನ್ನು ಅಳಿಸಬೇಡಿ. ಅಳಿಸಿದ್ದರ ಸ್ಕ್ರೀನ್‌ಶಾಟ್ ಮೂಲ ಕಮೆಂಟಿಗಿಂತ ದೂರ ಹೋಗುತ್ತದೆ. 2003ರಲ್ಲಿ ಗಾಯಕಿ ಬಾರ್ಬ್ರಾ ಸ್ಟ್ರೈಸಾಂಡ್ ತಮ್ಮ ಮನೆ ಕಾಣುವ ಒಂದು ಕರಾವಳಿ ಛಾಯಾಚಿತ್ರವನ್ನು ತೆಗೆಸಲು ಮೊಕದ್ದಮೆ ಹೂಡಿದರು. ಅದಕ್ಕೂ ಮುಂಚೆ ಆ ಚಿತ್ರ ಡೌನ್‌ಲೋಡ್ ಆಗಿದ್ದು 6 ಸಲ, ಅದರಲ್ಲಿ 2 ಅವರ ವಕೀಲರದೇ. ಸುದ್ದಿಯಾದ ಮೇಲಿನ ತಿಂಗಳಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಆ ತಾಣಕ್ಕೆ ಭೇಟಿ ಕೊಟ್ಟರು. ಬೈಗುಳ, ಬೆದರಿಕೆ, ಜಾತಿ-ಧರ್ಮ ನಿಂದನೆ ಮಾತ್ರ ಬೇರೆ ವಿಷಯ. ಅವಕ್ಕೆ ಪೇಜಿನಲ್ಲೇ ನಿಯಮ ಬರೆದಿಟ್ಟು, ಮೆಟಾದ ಪದ-ಫಿಲ್ಟರ್ ಬಳಸಿ, ಎಲ್ಲರಿಗೂ ಒಂದೇ ಅಳತೆಯಲ್ಲಿ ತೆಗೆದುಹಾಕಿ. ಫೇಸ್‌ಬುಕ್ಕಿನಲ್ಲಿ ಹೈಡ್ ಮಾಡಿದ ಕಮೆಂಟು ಬರೆದವರಿಗೂ ಅವರ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ ಎಂಬುದು ನೆನಪಿರಲಿ.

ಸುಳ್ಳು ರಿವ್ಯೂ ಎನಿಸಿದರೆ ಗೂಗಲ್‌ಗೆ ರಿಪೋರ್ಟ್ ಮಾಡಿ. ಆದರೆ ಗೂಗಲ್ ತೆಗೆಯುವುದು ತನ್ನ ನೀತಿ ಮುರಿದದ್ದನ್ನು, ಅಂದರೆ ಸ್ಪ್ಯಾಮ್, ನಕಲಿ ಅನುಭವ, ನಿಂದನೆ, ಹಿತಾಸಕ್ತಿಯ ಸಂಘರ್ಷ ಇಂಥವನ್ನು. ಗ್ರಾಹಕರಿಗೂ ನಿಮಗೂ ನಡುವಿನ ವಾದದಲ್ಲಿ ಅದು ತೀರ್ಪು ಕೊಡುವುದಿಲ್ಲ. ಹಾಗಾಗಿ ಯಾವ ನೀತಿ ಮುರಿದಿದೆ ಎಂದು ಸರಿಯಾಗಿ ಆರಿಸಿ. ತೀರ್ಮಾನ ಬರುವವರೆಗೆ "ಈ ದಿನಾಂಕ, ಈ ವಿವರಕ್ಕೆ ಹೊಂದುವ ದಾಖಲೆ ನಮ್ಮಲ್ಲಿ ಸಿಕ್ಕಿಲ್ಲ. ಇಮೇಲಿಗೆ ವಿವರ ಕಳಿಸಿದರೆ ಪರಿಶೀಲಿಸುತ್ತೇವೆ" ಎಂದಷ್ಟೇ ಉತ್ತರಿಸಿ. "ನೀವು ಪ್ರತಿಸ್ಪರ್ಧಿಯ ಕಡೆಯವರು" ಎಂಬ ಮಾತು ಎಂದೂ ಬೇಡ.

ರಿವ್ಯೂ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಎಲ್ಲ ಗ್ರಾಹಕರನ್ನೂ ಕೇಳಬೇಕು. ಖುಷಿಯಾದವರಿಗೆ ಗೂಗಲ್ ಲಿಂಕ್, ಬೇಸರವಾದವರಿಗೆ ಖಾಸಗಿ ಫಾರಂ ಕಳಿಸುವ ಉಪಾಯವನ್ನೂ, ರಿವ್ಯೂಗೆ ರಿಯಾಯಿತಿ ಕೊಡುವುದನ್ನೂ ಗೂಗಲ್ ನಿಷೇಧಿಸಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಕಲಿ ರಿವ್ಯೂಗಳ ಮಾರಾಟ, ಖರೀದಿಯನ್ನೇ ನಿಷೇಧಿಸುವ ನಿಯಮ ಜಾರಿಗೆ ತಂದಿದೆ. ಕೆಲಸ ಮುಗಿದ ಒಂದೆರಡು ದಿನದಲ್ಲಿ, ನೇರ ಲಿಂಕಿನೊಂದಿಗೆ, ಒಂದೇ ಸಲ ಕೇಳಿ. ಲೆಕ್ಕ ನೋಡಿ: 4.5 ಸರಾಸರಿಯ 20 ರಿವ್ಯೂ ಇದ್ದಾಗ ಒಂದು ಸ್ಟಾರಿನ ಒಂದೇ ರಿವ್ಯೂ ಸರಾಸರಿಯನ್ನು 4.33ಕ್ಕೆ ಇಳಿಸುತ್ತದೆ. 200 ರಿವ್ಯೂ ಇದ್ದರೆ ಅದೇ ಪೆಟ್ಟು 4.48ಕ್ಕೆ ನಿಲ್ಲುತ್ತದೆ.

5. ಪೋಸ್ಟು ಎಲ್ಲಿಂದ ಬರಬೇಕು

ಇನ್‌ಬಾಕ್ಸಿನಿಂದ. ಕಳೆದ ಮೂರು ತಿಂಗಳಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಪಟ್ಟಿ ಮಾಡಿ, ಹೆಚ್ಚು ಸಲ ಬಂದ ಹತ್ತನ್ನು ಆರಿಸಿದರೆ ಎರಡು ತಿಂಗಳಿಗೂ ಹೆಚ್ಚು ಸಾಲುವ ಪ್ರಶ್ನೆ-ಉತ್ತರದ ವಿಷಯ ಸಿಕ್ಕಂತೆ. ವಾರಕ್ಕೆ ಮೂರು ಪೋಸ್ಟ್ ಸಾಕು: ಒಂದು ಪ್ರಶ್ನೆಗೆ ಉತ್ತರ, ಒಂದು ಕೆಲಸ ನಡೆಯುವ ರೀತಿ, ಒಂದು ಮಾರಾಟದ ಮಾತು. ಬರೀ ಹಬ್ಬದ ಶುಭಾಶಯದ ಪೋಸ್ಟರುಗಳಿಂದ ಪೇಜ್ ತುಂಬಿದರೆ ಹೊಸಬರಿಗೆ ನೀವು ಏನು ಮಾಡುತ್ತೀರಿ ಎಂಬುದೇ ತಿಳಿಯುವುದಿಲ್ಲ.

ಇನ್‌ಸ್ಟಾಗ್ರಾಂ ಫೀಡಿಗೆ 1080×1350, ರೀಲ್ಸ್‌ಗೆ 1080×1920, ಯೂಟ್ಯೂಬ್ ಥಂಬ್‌ನೇಲಿಗೆ 1280×720 ಪಿಕ್ಸೆಲ್. ರೀಲ್ಸ್‌ನ ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಕ್ಷರ ಇಡಬೇಡಿ. ಕ್ಯಾಪ್ಷನ್ನು, ಬಟನ್‌ಗಳು ಅದನ್ನು ಮುಚ್ಚಿಬಿಡುತ್ತವೆ. ವಿಷಯ ಮೊದಲ 3 ಸೆಕೆಂಡಿನಲ್ಲೇ ಬರಲಿ, ಲೋಗೊ ಕೊನೆಗಿರಲಿ. ಸದ್ದಿಲ್ಲದೆ ನೋಡುವವರು ಬಹಳ, ಆದ್ದರಿಂದ ಸಬ್‌ಟೈಟಲ್ ಹಾಕಿ. ತಾನಾಗಿ ಬಂದದ್ದನ್ನು ತಿದ್ದದೆ ಬಿಡಬೇಡಿ. ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಖಾತೆಗಳಿಗೆ ಎಲ್ಲ ಜನಪ್ರಿಯ ಹಾಡುಗಳ ಹಕ್ಕಿಲ್ಲ. ಬೇರೆ ಆ್ಯಪಿನಲ್ಲಿ ಹಾಡು ಅಂಟಿಸಿ ತಂದರೆ ವಿಡಿಯೊ ಮ್ಯೂಟ್ ಆಗುತ್ತದೆ, ಇಲ್ಲವೇ ಕಾಪಿರೈಟ್ ನೋಟಿಸ್ ಬರುತ್ತದೆ. ಮೆಟಾ ಸೌಂಡ್ ಕಲೆಕ್ಷನ್ನಿನಿಂದ ಆರಿಸಿಕೊಳ್ಳಿ. ಗ್ರಾಹಕರ ಫೋಟೊ ಬಳಸುವ ಮೊದಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಇನ್‌ಫ್ಲುಯೆನ್ಸರ್‌ಗೆ ಹಣ ಅಥವಾ ವಸ್ತು ಕೊಟ್ಟಿದ್ದರೆ ಪೋಸ್ಟಿನ ಆರಂಭದಲ್ಲೇ ಅದು ಕಾಣಬೇಕು.

ಟ್ರೆಂಡಿಂಗ್ ಹ್ಯಾಷ್‌ಟ್ಯಾಗ್ ಬಳಸುವ ಮುಂಚೆ ಅದರೊಳಗೆ ಹೋಗಿ ಹತ್ತಿಪ್ಪತ್ತು ಪೋಸ್ಟ್ ಓದಿ. 2014ರಲ್ಲಿ ಅಮೆರಿಕದಲ್ಲಿ ಕೌಟುಂಬಿಕ ಹಿಂಸೆಗೆ ಒಳಗಾದ ಹೆಂಗಸರು "ನಾನೇಕೆ ಜೊತೆಯಲ್ಲೇ ಉಳಿದೆ" ಎಂದು ಹೇಳಿಕೊಳ್ಳುತ್ತಿದ್ದ ಹ್ಯಾಷ್‌ಟ್ಯಾಗ್ ಹಿಡಿದು ಡಿಜೋರ್ನೊ ಎಂಬ ಪಿಟ್ಜಾ ಬ್ರ್ಯಾಂಡ್ "ನಿನ್ನ ಹತ್ತಿರ ಪಿಟ್ಜಾ ಇತ್ತು" ಎಂದು ಟ್ವೀಟ್ ಮಾಡಿತು. ಅರ್ಥ ತಿಳಿಯದೆ ಹಾಕಿದ್ದು ಎಂದು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕ್ಷಮೆ ಕೇಳಬೇಕಾಯಿತು.

6. ಹಣ ಕೊಟ್ಟ ಜಾಹೀರಾತು

ಮೇಲಿನದೆಲ್ಲ ಒಂದು ತಿಂಗಳು ತಪ್ಪದೆ ನಡೆದ ಮೇಲೆ ಇಲ್ಲಿಗೆ ಬನ್ನಿ. ಬೂಸ್ಟ್ ಬಟನ್‌ಗಿಂತ ಮೆಟಾದ ಜಾಹೀರಾತು ಸಾಧನ ಆ್ಯಡ್ಸ್ ಮ್ಯಾನೇಜರಿನಲ್ಲಿ ಗುರಿ ಆರಿಸುವ ಅವಕಾಶ ಹೆಚ್ಚು. ಲೈಕ್ ಕೇಳಿದರೆ ಲೈಕ್ ಒತ್ತುವ ಜನರನ್ನೇ ಮೆಟಾ ಹುಡುಕಿಕೊಡುತ್ತದೆ. ವಿಚಾರಣೆ, ಅಂದರೆ ಕೊಳ್ಳುವ ಆಸಕ್ತಿಯಿಂದ ಕೇಳುವವರು ಬೇಕಿದ್ದರೆ ಮೆಸೇಜ್ ಅಥವಾ ಲೀಡ್ (ಆಸಕ್ತರ ಸಂಪರ್ಕ ವಿವರ ಪಡೆಯುವುದು) ಎಂಬ ಗುರಿಯನ್ನೇ ಆರಿಸಿ.

ಪ್ರತಿ ಆ್ಯಡ್ ಸೆಟ್‌ಗೆ (ಒಂದೇ ಜನವರ್ಗಕ್ಕೆ ತೋರಿಸುವ ಜಾಹೀರಾತುಗಳ ಗುಂಪು) ಕಲಿಕೆಯ ಹಂತವೊಂದಿದೆ, ಯಾರಿಗೆ ತೋರಿಸಿದರೆ ಫಲ ಸಿಗುತ್ತದೆ ಎಂದು ಮೆಟಾ ಆಗ ಕಲಿಯುತ್ತದೆ. ಅದು ಮುಗಿಯಲು ವಾರಕ್ಕೆ ಸುಮಾರು 50 ಫಲಿತಾಂಶ ಬೇಕು. ವಾರಕ್ಕೆ 60 ವಿಚಾರಣೆ ತರುವಷ್ಟು ಬಜೆಟ್ಟನ್ನು ಐದು ಆ್ಯಡ್ ಸೆಟ್ಟುಗಳಿಗೆ ಹಂಚಿದರೆ ಒಂದೊಂದಕ್ಕೆ 12 ಸಿಗುತ್ತದೆ, ಐದೂ ಕಲಿಯುತ್ತಲೇ ಉಳಿಯುತ್ತವೆ. ಸಣ್ಣ ಬಜೆಟ್ಟಿಗೆ ಒಂದೇ ಆ್ಯಡ್ ಸೆಟ್, ಅದರೊಳಗೆ ಮೂರು ನಾಲ್ಕು ಬೇರೆ ಬೇರೆ ಚಿತ್ರ-ವಿಡಿಯೊ. ದಿನವೂ ಬಜೆಟ್, ಜನವರ್ಗ ಬದಲಿಸಿದರೆ ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದು ವಾರ ಮುಟ್ಟದೆ ಬಿಡಿ.

ಜಾಹೀರಾತಿನ ಕೆಳಗಿನ ಕಮೆಂಟುಗಳನ್ನು ನೋಡುವುದು ಯಾರ ಕೆಲಸ ಎಂದು ಬರೆದಿಡಿ. ಜಾಹೀರಾತಿಗೆಂದೇ ಮಾಡಿದ ಪೋಸ್ಟು ಪೇಜಿನಲ್ಲಿ ಕಾಣುವುದಿಲ್ಲ, ಹಾಗಾಗಿ ಅದರ ಕೆಳಗೆ "ದುಡ್ಡು ಕಟ್ಟಿದೆ, ವಸ್ತು ಬಂದಿಲ್ಲ" ಎಂಬ ಕಮೆಂಟು ವಾರಗಟ್ಟಲೆ ನಿಮ್ಮದೇ ಖರ್ಚಿನಲ್ಲಿ ಸಾವಿರಾರು ಜನರಿಗೆ ತಲುಪುತ್ತಿರಬಹುದು. ಮೆಟಾ ಬಿಸಿನೆಸ್ ಸೂಟಿನ ಇನ್‌ಬಾಕ್ಸಿನಲ್ಲಿ ಈ ಕಮೆಂಟುಗಳು ಸಿಗುತ್ತವೆ.

ಪ್ರತಿ ಲಿಂಕಿಗೂ ಯುಟಿಎಂ ಟ್ಯಾಗ್ (ಜನ ಎಲ್ಲಿಂದ ಬಂದರೆಂದು ತಿಳಿಯಲು ಲಿಂಕಿನ ಕೊನೆಗೆ ಹಾಕುವ ಗುರುತು) ಸೇರಿಸಿ: ಸೋರ್ಸ್, ಮೀಡಿಯಂ, ಕ್ಯಾಂಪೇನ್. ಇಂಗ್ಲಿಷಿನಲ್ಲಿ ಬರೆಯುವಾಗ ಎಲ್ಲವೂ ಸಣ್ಣಕ್ಷರದಲ್ಲೇ ಇರಲಿ. ಒಂದು ಕಡೆ ದೊಡ್ಡಕ್ಷರ ಬಂದರೂ ಗೂಗಲ್ ಅನಲಿಟಿಕ್ಸ್ ಅದನ್ನು ಬೇರೆಯೇ ಮೂಲವೆಂದು ಎಣಿಸುತ್ತದೆ, ತಿಂಗಳ ಕೊನೆಗೆ ಲೆಕ್ಕ ಹೊಂದುವುದಿಲ್ಲ.

7. ಬೆಂಕಿ ಬಿದ್ದ ದಿನ

ಯೋಜನೆ ಈಗಲೇ ಒಂದು ಪುಟದಲ್ಲಿ ಸಿದ್ಧವಿರಲಿ: ಯಾರು ನಿರ್ಧರಿಸುತ್ತಾರೆ, ಅವರು ಸಿಗದಿದ್ದರೆ ಯಾರು, ಎಲ್ಲರ ಫೋನ್ ನಂಬರ್. ಸುದ್ದಿ ಹಬ್ಬಿದ ಕೂಡಲೇ ಮೊದಲು ಶೆಡ್ಯೂಲ್ ಮಾಡಿದ ಪೋಸ್ಟು, ಓಡುತ್ತಿರುವ ಜಾಹೀರಾತು ನಿಲ್ಲಿಸಿ. ಎರಡನೆಯದಾಗಿ ಮೂಲ ಪೋಸ್ಟು, ಕಮೆಂಟುಗಳ ಸ್ಕ್ರೀನ್‌ಶಾಟ್ ಉಳಿಸಿ. ಮೂರನೆಯದಾಗಿ ಒಂದು ಗಂಟೆಯೊಳಗೆ ಗೊತ್ತಿರುವಷ್ಟನ್ನೇ ಹೇಳಿ: ಏನಾಗಿದೆ, ಏನು ಮಾಡುತ್ತಿದ್ದೇವೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಆ ಗಂಟೆಗೆ ಹೊಸ ಸುದ್ದಿ ಇಲ್ಲದಿದ್ದರೂ ಬಂದು ಹಾಗೆಂದು ಹೇಳಿ. ಸಿಬ್ಬಂದಿ ತಮ್ಮ ವೈಯಕ್ತಿಕ ಖಾತೆಗಳಿಂದ ವಾದಕ್ಕಿಳಿಯದಂತೆ ಅದೇ ಹೊತ್ತಿಗೆ ತಿಳಿಸಿ.

ಮೊದಲ ಹೇಳಿಕೆಯ ಭಾಷೆ ಎಷ್ಟು ಮುಖ್ಯವೆಂದು 2017ರ ಏಪ್ರಿಲ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ಪ್ರಕರಣ ತೋರಿಸಿತು. ಸೀಟು ಬಿಡಲೊಪ್ಪದ ಪ್ರಯಾಣಿಕರೊಬ್ಬರನ್ನು ವಿಮಾನದಿಂದ ಎಳೆದೊಯ್ದ ವಿಡಿಯೊ ಎಲ್ಲರೂ ನೋಡಿದ್ದರು. ಮಾರನೆಯ ದಿನ ಸಿಇಒ ಆಸ್ಕರ್ ಮುನೋಜ್ ಅವರ ಹೇಳಿಕೆ ಬಂದದ್ದು ಪ್ರಯಾಣಿಕರಿಗೆ "ಮರುವ್ಯವಸ್ಥೆ" ಮಾಡಬೇಕಾಗಿ ಬಂದದ್ದಕ್ಕೆ ಕ್ಷಮೆ ಎಂದು. ಸಿಬ್ಬಂದಿಗೆ ಬರೆದ ಪತ್ರದಲ್ಲಿ ಪ್ರಯಾಣಿಕರನ್ನೇ ದೂರಲಾಗಿತ್ತು, ಅದೂ ಹೊರಬಿತ್ತು. ನಿಜವಾದ ಕ್ಷಮಾಪಣೆ ಬರುವಷ್ಟರಲ್ಲಿ ಇನ್ನೊಂದು ದಿನ ಕಳೆದಿತ್ತು. ಒಳಗಿನ ಪತ್ರವನ್ನೂ ಹೊರಗಿನವರು ಓದುತ್ತಾರೆ ಎಂದುಕೊಂಡೇ ಬರೆಯಬೇಕು. ಇದಕ್ಕೆ ಎದುರಾಗಿ, 2018ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ವಿತರಕರು ಬದಲಾಗಿ ಕೋಳಿಮಾಂಸವೇ ತಲುಪದೆ ನೂರಾರು ಕೆಎಫ್‌ಸಿ ಮಳಿಗೆಗಳು ಮುಚ್ಚಿದಾಗ, ಆ ಸಂಸ್ಥೆ ಖಾಲಿ ಬಕೆಟ್ಟಿನ ಚಿತ್ರದೊಂದಿಗೆ ಪತ್ರಿಕೆಗಳಲ್ಲಿ ಪುಟದ ತುಂಬ ಕ್ಷಮೆ ಕೇಳಿತು, ಯಾವ ಮಳಿಗೆ ತೆರೆದಿದೆ ಎಂದು ಹುಡುಕಲು ವೆಬ್ ಪುಟವನ್ನೂ ಕೊಟ್ಟಿತು. ಸಿಟ್ಟಾದವರಿಗೆ ಕ್ಷಮೆಯ ಜೊತೆ ಆ ಹೊತ್ತಿಗೆ ಉಪಯೋಗಕ್ಕೆ ಬರುವ ಮಾಹಿತಿಯೂ ಬೇಕು.

8. ಏನನ್ನು ಅಳೆಯಬೇಕು

ಫಾಲೋವರ್ ಸಂಖ್ಯೆಯನ್ನು ಬದಿಗಿಡಿ. ಎಂಗೇಜ್‌ಮೆಂಟ್ ದರವನ್ನು ರೀಚ್ (ಪೋಸ್ಟು ನೋಡಿದ ಜನರ ಸಂಖ್ಯೆ) ಮೇಲೆ ಲೆಕ್ಕ ಹಾಕಿ: ಲೈಕ್, ಕಮೆಂಟ್, ಶೇರ್, ಸೇವ್ ಒಟ್ಟುಗೂಡಿಸಿ, ರೀಚಿನಿಂದ ಭಾಗಿಸಿ, 100ರಿಂದ ಗುಣಿಸಿ. ಜಾಹೀರಾತಿಗೆ ಪ್ರತಿ ವಿಚಾರಣೆಯ ಖರ್ಚಿಗಿಂತ ಪ್ರತಿ ಮಾರಾಟದ ಖರ್ಚು ನೋಡಿ. ಒಂದೇ ಮೊತ್ತಕ್ಕೆ ಒಂದು ಜಾಹೀರಾತು 100 ವಿಚಾರಣೆ ತಂದು 4 ಮಾರಾಟವಾಗಿ, ಇನ್ನೊಂದು 40 ವಿಚಾರಣೆ ತಂದು 8 ಮಾರಾಟವಾದರೆ ಉಳಿಸಿಕೊಳ್ಳಬೇಕಾದ್ದು ಎರಡನೆಯದು. ಮೊದಲ ಉತ್ತರಕ್ಕೆ ತಗುಲಿದ ಸಮಯದಲ್ಲಿ ಸರಾಸರಿಯ ಬದಲು, ಎಲ್ಲವನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆಯನ್ನು ತೆಗೆದುಕೊಳ್ಳಿ. ಒಂದು ಭಾನುವಾರದ ತಡ ಇಡೀ ತಿಂಗಳ ಸರಾಸರಿಯನ್ನು ಕೆಡಿಸುತ್ತದೆ.

ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ಹೋದ ಲಿಂಕು, ಪರಿಚಯದವರ ಬಾಯಿಮಾತು ಯಾವ ಡ್ಯಾಷ್‌ಬೋರ್ಡಿನಲ್ಲೂ ಸರಿಯಾಗಿ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಹೊಸ ಗ್ರಾಹಕರನ್ನು "ನಮ್ಮ ಬಗ್ಗೆ ಎಲ್ಲಿ ತಿಳಿಯಿತು?" ಎಂದು ಕೇಳಿ, ಉತ್ತರವನ್ನು ಅವರದೇ ಮಾತಿನಲ್ಲಿ ದಾಖಲಿಸಿ, ತಿಂಗಳಿಗೊಮ್ಮೆ ಅನಲಿಟಿಕ್ಸ್ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.